ಅತ್ತೆ ಕಂಪ್ಯೂಟರಿಗೆ ಹಾಸಿದ ಬಲೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಬರೆದಿಡುತ್ತೇನೆ. ಅತ್ತೆ ಮನೆಯ ಕಂಪ್ಯೂಟರನ್ನು ಸರಿಮಾಡಿದ್ದು ಯುಗಾದಿಗೆ ಮೊದಲೋ ನಂತರವೋ ನನಗೆ ಖಾತ್ರಿಯಿಲ್ಲ. ಹೊಂಗೆ ಚಿಗುರಿತ್ತು ಎಂದು ನೆನಪು. ಆದರೆ ನನ್ನ ನೆನಪಿನಲ್ಲಿ ಒಳ್ಳೆಯದೆಲ್ಲ ಹೊಂಗೆ ಚಿಗುರುವ ಕಾಲದಲ್ಲೇ ನಡೆಯುತ್ತದೆ, ಹಾಗಾಗಿ ಅದನ್ನು ಸಾಕ್ಷಿಯಾಗಿ ಹಿಡಿಯಲಾರೆ. ಅವರು ಆಡಿದ ಮಾತುಗಳನ್ನು ಮಾತ್ರ ಆಗಲೇ ಬರೆದುಕೊಂಡಿದ್ದೆ.

ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ. ಶ್ರೀನಿವಾಸಪುರದ ಕಡೆಯ ತೆಲುಗು ಮಾತಿನ ಮನೆಯಿಂದ ಕ್ಯಾಲನೂರಿಗೆ ಬಂದವರು. ಹಿಪ್ಪುನೇರಳೆ ತೋಟವನ್ನೂ ಅದರ ಪಕ್ಕದ ರೇಷ್ಮೆಹುಳುವಿನ ಮನೆಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಎಂ.ಎ. ಓದುವಾಗ ನಾನು ಎರಡು ವರ್ಷ ಅವರ ಮನೆಯಲ್ಲಿದ್ದು ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿದೆ. ಈಗ ಮಾಲೂರಿನಲ್ಲಿ ಪಾಠ ಮಾಡುತ್ತೇನೆ. ಬಿಡುವಾದ ಭಾನುವಾರ ಅಲ್ಲಿಗೆ ಹೋಗುತ್ತೇನೆ.

ಆ ಕಂಪ್ಯೂಟರ್ ಮಾವ ನನ್ನ ಓದಿಗೆಂದು ತಂದದ್ದು. ನಾನು ಮನೆ ಬಿಟ್ಟ ಮೇಲೆ ಅತ್ತೆ ಅದರ ಮುಂದೆ ಕೂತು ಒಂದೊಂದೇ ಕಲಿತರು. ಹತ್ತನೇ ತರಗತಿ ಪಾಸಾಗದ ಅವರು ಈಗ ಬೀದಿಯ ಹೆಂಗಸರಿಗೆಲ್ಲ ಪಹಣಿ ತೆಗೆದುಕೊಡುತ್ತಾರೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತಾರೆ. ಕಂಪ್ಯೂಟರ್ ಮಾತ್ರ ವರ್ಷ ವರ್ಷಕ್ಕೆ ನಿಧಾನವಾಗುತ್ತ ಬಂತು. ಆನ್ ಮಾಡಿ, ಕಾಫಿ ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆ ನೀಲಿಯಾಗೇ ಇರುತ್ತಿತ್ತು. ಜಗಲಿಯಲ್ಲಿ ಕಾದು ಕೂತವರಿಗೆ ಮಾವ ಹೇಳುತ್ತಿದ್ದರು, “ಪಹಣಿ ಬರೋಷ್ಟ್ರಲ್ಲಿ ಆ ಜಮೀನು ಇನ್ಯಾರದೋ ಹೆಸರಿಗೆ ಆಗೋಗಿರ್ತದೆ, ಕೂತ್ಕೊಳ್ಳಿ.”

ಕೋಲಾರದ ಅಂಗಡಿಯವರು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇವೆ ಎಂದಿದ್ದರು. ನಾನೂ ಅದೇ ಸರಿ ಎಂದೆ.

“ಹುಳಕ್ಕೆ ರೋಗ ಬಂದ್ರೆ ಹಂಗೆ ಮಾಡ್ತೀವಿ,” ಎಂದರು ಅತ್ತೆ. “ಇಡೀ ಬೆಳೆ ಗುಂಡಿಗೆ ಹಾಕಿ ಮನೆ ತೊಳೀತೀವಿ. ಇದಕ್ಕೇನು ರೋಗ ಇಲ್ಲ ಕಣೇ. ಹಾಸಿಗೆ ತೆಗೆದಿಲ್ಲ, ಅಷ್ಟೇ.”

ಹಾಸಿಗೆ ತೆಗೆಯುವುದು ಹುಳುವಿನ ಮನೆಯ ಕೆಲಸ. ತಟ್ಟೆಯಲ್ಲಿ ಹುಳುಗಳು ಸೊಪ್ಪು ತಿಂದಂತೆ ಕೆಳಗೆ ದಂಟು, ಒಣಗಿದ ಎಲೆ, ಹಿಕ್ಕೆ ಸೇರಿಕೊಂಡು ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಕಾವು ಏರಿ ಹುಳು ಕೆಡುತ್ತದೆ. ಆದರೆ ಕಸವನ್ನು ಆರಿಸಲು ಕೈ ಹಾಕುವಂತಿಲ್ಲ, ಎಳೆಯ ಹುಳು ಸಾಯುತ್ತದೆ. ಅದಕ್ಕೆ ಮೇಲೊಂದು ತೆಳ್ಳನೆಯ ಬಲೆ ಹಾಸಿ, ಅದರ ಮೇಲೆ ಹೊಸ ಸೊಪ್ಪು ಹಾಕುತ್ತಾರೆ. ಹಸಿದ ಹುಳುಗಳು ತಾವಾಗಿ ಬಲೆಯ ಕಣ್ಣುಗಳ ಮೂಲಕ ಮೇಲಕ್ಕೆ ಹತ್ತುತ್ತವೆ. ಆಮೇಲೆ ಬಲೆಯನ್ನೆತ್ತಿ ಬೇರೆ ತಟ್ಟೆಗಿಟ್ಟು, ಕೆಳಗಿನದನ್ನು ಎಸೆಯುತ್ತಾರೆ. ಈಗ ಊರಲ್ಲಿ ಬಹಳ ಮಂದಿ ಬೆಳೆದ ಮರಿಗಳನ್ನೇ ಕೊಂಡು ತರುತ್ತಾರೆ. ಅತ್ತೆ ಮೊಟ್ಟೆಯಿಂದಲೇ ಸಾಕುತ್ತಾರೆ, ಆದ್ದರಿಂದ ಬಲೆ ಅವರ ಮನೆಯಲ್ಲಿ ಇನ್ನೂ ಇದೆ.

ಮೊದಲು ಅವರು ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಫ್ಯಾನಿನ ಮೇಲೆ ಧೂಳು ಕಂಬಳಿಯ ಹಾಗೆ ಕೂತಿತ್ತು. ನಾನು ಬಟ್ಟೆ ತರಲು ಎದ್ದರೆ ಬೇಡವೆಂದು, ಹುಳುವಿನ ಮನೆಯಿಂದ ಕೋಳಿ ಪುಕ್ಕ ತಂದರು. ಮೊಟ್ಟೆಯೊಡೆದು ಬಂದ, ಎಳ್ಳಿಗಿಂತ ಚಿಕ್ಕ ಮರಿಗಳನ್ನು ಸೊಪ್ಪಿಗೆ ಸರಿಸುವ ಪುಕ್ಕ ಅದು. ಒಂದು ತಂತಿಯನ್ನೂ ಅಲುಗಿಸದೆ ಅವರು ಧೂಳನ್ನೆಲ್ಲ ಅಂಗೈಗೆ ಇಳಿಸಿದರು. ನಾನು ಮಾಡಿದ್ದರೆ ಏನಾದರೊಂದು ಕೀಳುತ್ತಿದ್ದೆ.

ಆನ್ ಮಾಡಿದ ಕೂಡಲೇ ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿಯನ್ನು ನಾನು ತೆಗೆದು ತೋರಿಸಿದೆ. ಅತ್ತೆ ಒಂದೊಂದರ ಮೇಲೂ ಬೆರಳಿಟ್ಟು “ನುವ್ವೆವರು?” ಎಂದು ತೆಲುಗಿನಲ್ಲಿ ವಿಚಾರಿಸಿದರು. ನೀನ್ಯಾರು ಎಂಬುದಕ್ಕೆ ನಾನು ಉತ್ತರ ಕೊಡಬೇಕು. ಒಂದು ಪ್ರಿಂಟರಿನದು, ಆ ಪ್ರಿಂಟರ್ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಎರಡು ವೈರಸ್ ಬಾರದಂತೆ ಕಾಯುವಂಥವು, ಒಂದನ್ನೊಂದು ಕಾಯುತ್ತಿದ್ದವು. ಒಂದು ಏನೆಂದು ನನಗೂ ಗೊತ್ತಾಗಲಿಲ್ಲ.

“ಓದಿರೋಳಿಗೇ ಗೊತ್ತಿಲ್ಲ ಅಂದ್ಮೇಲೆ ಅದಕ್ಕೆ ಇಲ್ಲೇನು ಕೆಲಸ,” ಎಂದು ಅದನ್ನು ತಾನಾಗಿ ಏಳದಂತೆ ಮಾಡಿಸಿದರು.

ಆಮೇಲೆ ಬಲೆ. ಅತ್ತೆ ಒಂದು ಹೊಸ ಫೋಲ್ಡರ್ ಮಾಡಿ ಅದಕ್ಕೆ ಕನ್ನಡದಲ್ಲೇ ‘ಬಲೆ’ ಎಂದು ಹೆಸರಿಟ್ಟರು. ಒಂದು ಬೆಳೆ ಮುಗಿಯುವವರೆಗೆ, ಅಂದರೆ ಹುಳು ಗೂಡು ಕಟ್ಟುವವರೆಗೆ, ಯಾರಿಗೆ ಯಾವ ಫೈಲ್ ಬೇಕಾದರೂ ತೆಗೆದು ನೋಡಿ ಬಲೆಗೆ ಹಾಕಬೇಕು. ಆ ಹೊತ್ತಿಗೆ ಹತ್ತದೆ ಉಳಿದದ್ದು ಕಸ.

ನನಗೆ ಆಗ ಒಂದು ನೆನಪಾಯಿತು.

ಆ ಕಂಪ್ಯೂಟರಿನಲ್ಲಿ ನನ್ನ ಎರಡು ವರ್ಷದ ದಿನಚರಿ ಇತ್ತು. ‘ನೋಟ್ಸ್’ ಎಂಬ ಫೋಲ್ಡರಿನ ಒಳಗಿನ ಒಳಗೆ. ಅದರ ಮೊದಲ ತಿಂಗಳುಗಳಲ್ಲಿ ಅತ್ತೆಯ ಬಗ್ಗೆ ಕೆಟ್ಟದಾಗಿ ಬರೆದಿದ್ದೆ ಎಂಬುದು ಗೊತ್ತಿತ್ತು, ಎಷ್ಟು ಕೆಟ್ಟದಾಗಿ ಎಂಬುದು ಗೊತ್ತಿರಲಿಲ್ಲ. ಹುಳುವಿಗೆ ವಾಸನೆ ಆಗದೆಂದು ನನಗೆ ಪೌಡರ್ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ ಎಂಬ ಸಿಟ್ಟು ನೆನಪಿದೆ. ಉಳಿದಂತೆ ಆ ಎರಡು ವರ್ಷಗಳನ್ನು ನಾನು ಪ್ರೀತಿಯ ವರ್ಷಗಳೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹಾಗಲ್ಲ ಎನ್ನಲು ಇದ್ದದ್ದು ಆ ಫೈಲ್ ಒಂದೇ.

ಪೆನ್ ಡ್ರೈವ್ ನನ್ನ ಚೀಲದಲ್ಲೇ ಇತ್ತು. ಯಾವ ಭಾನುವಾರವಾದರೂ ಆ ಫೈಲನ್ನು ಅದಕ್ಕೆ ಹಾಕಿಕೊಂಡು ಹೋಗಬಹುದಿತ್ತು, ಇಲ್ಲವೇ ಅಳಿಸಬಹುದಿತ್ತು. ಯಾಕೆ ಎರಡನ್ನೂ ಮಾಡಲಿಲ್ಲ? ಕಸದ ಜೊತೆ ತಾನಾಗಿ ಹೋದರೆ ನಾನು ಅಳಿಸಿದಂತೆ ಆಗುವುದಿಲ್ಲ ಎಂದುಕೊಂಡೆನೇನೋ. ಈಗ ಬರೆಯುವಾಗ ಅದು ಹೇಡಿತನದಂತೆ ಕಾಣುತ್ತದೆ.

ಮಾವ ಮಾತ್ರ ದಿನವೂ ಕೂತು ತಮ್ಮ ಹಳೆಯ ಹಾಡುಗಳನ್ನೆಲ್ಲ ಅರ್ಧ ಅರ್ಧ ನಿಮಿಷ ಹಾಕಿ ಬಲೆಗೆ ಸೇರಿಸುತ್ತಿದ್ದರು. ಅತ್ತೆ ಕಂಡು ಹಿಡಿದರು.

“ಹುಳನ್ನ ಕೈಯಲ್ಲಿ ಎತ್ತಿ ಇಡ್ತಾ ಇದೀರ. ಅದು ತಾನಾಗಿ ಹತ್ತಬೇಕು.”

“ನನ್ನ ಹುಳಕ್ಕೆ ವಯಸ್ಸಾಗಿದೆ ಕಣೇ, ಕೈ ಹಿಡಿದು ಹತ್ತಿಸ್ತಿದೀನಿ,” ಎಂದರು ಮಾವ.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲಿನ ಭಾನುವಾರ ನಾನು ಹೋದಾಗ ಕೆಲಸ ಮುಗಿದಿತ್ತು. ಒಂದೇ ಮದುವೆಯ ಫೋಟೋಗಳು ಮೂರು ಕಡೆ ಇದ್ದವಂತೆ, ಅರ್ಧ ಡಿಸ್ಕ್ ಖಾಲಿಯಾಗಿತ್ತು. ಅತ್ತೆ ಸ್ವಿಚ್ ಒತ್ತಿ ನನ್ನ ಮುಖ ನೋಡಿದರು. ಒಲೆಯ ಮೇಲಿಟ್ಟ ಹಾಲು ಬಿಸಿಯಾಗುವ ಮೊದಲೇ ಪರದೆ ಸಿದ್ಧವಾಗಿತ್ತು. ಆ ದಿನ ಅವರು ಒಂದಾದ ಮೇಲೊಂದು ಪಹಣಿ ತೆಗೆದುಕೊಟ್ಟರು, ಜಗಲಿಯಲ್ಲಿ ಯಾರೂ ಕೂರಲೇ ಇಲ್ಲ. ಮಾವನಿಗೆ ಬೇಸರವಾಯಿತೇನೋ. ನಾನು ಇಷ್ಟು ಓದಿ ‘ಎಲ್ಲ ಅಳಿಸಿಬಿಡಿ’ ಎಂಬುದಕ್ಕಿಂತ ಮುಂದೆ ಯೋಚಿಸಿರಲಿಲ್ಲ. ತಮಗೆ ಗೊತ್ತಿದ್ದ ಒಂದೇ ಕೆಲಸದಿಂದ ಅತ್ತೆ ಗೊತ್ತಿಲ್ಲದ ಇನ್ನೊಂದಕ್ಕೆ ದಾರಿ ಮಾಡಿಕೊಂಡಿದ್ದರು.

ಹೊರಡುವ ಹೊತ್ತಿಗೆ ಅತ್ತೆ ಸೆರಗಿನ ಗಂಟಿನಿಂದ ಒಂದು ಪೆನ್ ಡ್ರೈವ್ ಬಿಚ್ಚಿ ನನ್ನ ಕೈಗಿಟ್ಟರು.

“ನಿಂದು. ಜ್ವರಕ್ಕೆ ಕೂತಿತ್ತು. ಎಸೀಲಿಲ್ಲ.”

ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲುಗದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತದ್ದು ಬಲೆ ಹತ್ತುವುದಿಲ್ಲ, ಸತ್ತಿರುವುದೂ ಇಲ್ಲ. ಅದಕ್ಕೇ ಅತ್ತೆ ಹಳೆಯ ಹಾಸಿಗೆಯನ್ನು ಎಸೆಯುವ ಮುಂಚೆ ಬೆರಳ ತುದಿಯಿಂದ ಒಮ್ಮೆ ತಡಕುತ್ತಾರೆ. ಅದು ನನಗೆ ಗೊತ್ತಿತ್ತು, ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೆ. ಕಂಪ್ಯೂಟರಿಗೂ ಹಾಗೇ ಮಾಡುತ್ತಾರೆಂದು ಮಾತ್ರ ಹೊಳೆದಿರಲಿಲ್ಲ.

ಮಾಲೂರಿಗೆ ಬಂದು ತೆಗೆದು ನೋಡಿದೆ. ದಿನಚರಿ ಪೂರ್ತಿ ಇತ್ತು. ಪೌಡರ್ ಸಿಟ್ಟು ಇತ್ತು. ಅದರ ಕೆಳಗೆ, ‘ಹತ್ತನೇ ತರಗತಿ ಫೇಲಾದ ಹೆಂಗಸಿನ ಕೈಕೆಳಗೆ ಎರಡು ವರ್ಷ ಕಳೆಯಬೇಕು, ಇವರಿಗೆ ಹುಳುವಿಗಿಂತ ಹೆಚ್ಚಿನದೇನೂ ತಿಳಿಯುವುದಿಲ್ಲ’ ಎಂದು ಇತ್ತು. ಇಂಥ ವಾಕ್ಯ ನಾನು ಬರೆದಿದ್ದೇನೆಂದು ಯಾರಾದರೂ ಹೇಳಿದ್ದರೆ ಜಗಳವಾಡುತ್ತಿದ್ದೆ. ಫೈಲನ್ನು ಕೊನೆಗೆ ಯಾವಾಗ ತೆರೆದಿದ್ದರು ಎಂದು ಹುಡುಕಿದೆ. ಅಲ್ಲಿದ್ದದ್ದು ಪೆನ್ ಡ್ರೈವಿಗೆ ಹಾಕಿದ ದಿನ, ಅಷ್ಟೇ.

ಮುಂದಿನ ಭಾನುವಾರ ಅತ್ತೆ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದರು. ನಾನೂ ಒಂದು ಸಾಲು ಹಿಡಿದೆ. ಸಾಲಿನ ಕೊನೆಯವರೆಗೆ ಕುಯ್ದೆ. ಆಮೇಲೆ ಕೇಳಿದೆ. ಅತ್ತೆ ಸೊಪ್ಪನ್ನು ಗೋಣಿಗೆ ತುಂಬಿ, ಅದರ ಒಂದು ತುದಿಯನ್ನು ನನ್ನ ಕಡೆ ನೂಕಿ, “ಬಾಡ್ತದೆ, ಹಿಡ್ಕೋ ಬಾ,” ಎಂದು ನಡೆದರು. ಅದಾದ ಮೇಲೆ ಎಷ್ಟೋ ಬೆಳೆ ಗೂಡು ಕಟ್ಟಿದೆ. ನಾನು ಮತ್ತೆ ಕೇಳಿಲ್ಲ, ಅವರು ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ನೋಟ್ಸ್ ಅಂತ ಮಾತ್ರ ಬರೆದಿತ್ತಲ್ಲ ಅತ್ತೆ, ಅದು ಬದುಕಿದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು, ತೆಗೆದು ಓದಿದ್ರಾ?”