ಮೀಸೆ ಕೊಟ್ಟು ಕುಡಿಸಿದ ಗಂಜಿ ತಿಳಿ

ಎಂಟು ವರ್ಷದ ಮಗಳ ಟಾನ್ಸಿಲ್ ತೆಗೆಯಲು ಆಸ್ಪತ್ರೆಯವರು ಮೂವತ್ತೆರಡು ಸಾವಿರ ತಗೊಂಡರು. ಮಗಳು ನನ್ನ ಮೀಸೆ ತಗೊಂಡಳು. ಎರಡರಲ್ಲಿ ದುಬಾರಿ ಬಿದ್ದದ್ದು ಮೀಸೆ. ಯಾಕೆ ಅಂತ ಹೇಳುತ್ತೇನೆ.

ನಾನು ಬಣಕಲ್ ಸುತ್ತಮುತ್ತ ಬೆಳೆಗಾರರ ಮನೆ ಬಾಗಿಲಿಗೇ ಹೋಗಿ ಮೆಣಸು ಕೊಳ್ಳುವವನು. ಹೆಗಲ ಮೇಲಿನ ಒಂದು ಚೀಲದಿಂದ ಶುರುಮಾಡಿ ಸ್ವಂತ ಜೀಪಿನವರೆಗೆ ಬಂದಿದ್ದೇನೆ. ಕೇಳಿದ ರೇಟು ಯಾವತ್ತೂ ಕೊಟ್ಟವನಲ್ಲ. ಚಿಕ್ಕಮಗಳೂರಿನ ಡಾಕ್ಟರಮ್ಮನ ಹತ್ತಿರವೂ ಬಿಡಲಿಲ್ಲ. "ಎರಡೂ ತೆಗೀಬೇಕಾ ಮೇಡಂ? ಒಂದು ತೆಗೆದು ನೋಡಿದ್ರೆ?" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ತಿಂಗಳಿಗೊಂದು ಸಲ ಗಂಟಲು ಬಾತು ಜ್ವರ ಬರತ್ತೆ, ಮಲಗಿದ್ರೆ ಉಸಿರು ಕಟ್ಟತ್ತೆ ಅಂದವರು ನೀವೇ. ಅರ್ಧ ಗುಣ ಆದ್ರೆ ಸಾಕಾ?" ಅಂದರು. ಎರಡಕ್ಕೂ ದುಡ್ಡು ಕಟ್ಟಿದೆ.

ಆಪರೇಷನ್ ಸಲೀಸಾಗಿ ಆಯಿತು. ಎಡವಟ್ಟು ಮಾಡಿದ್ದು ನಾನು. ಮೂರನೇ ದಿನಕ್ಕೆ ಮಗಳ ಅಳು ನಿಂತಿತ್ತು. ಅಳು ನಿಂತ ಮೇಲೆ ನೋವಿನ ಸಿರಪ್ ಸುಮ್ಮನೆ ಯಾಕೆ ಖಾಲಿ ಮಾಡೋದು ಅಂತ ಎರಡು ಹೊತ್ತು ತಪ್ಪಿಸಿದೆ. ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಎಂಜಲೂ ನುಂಗುವುದಿಲ್ಲ. ನೀರು ಬೇಡ, ಗಂಜಿ ತಿಳಿ ಬೇಡ, ಐಸ್‌ಕ್ರೀಮೂ ಬೇಡ. ಸಿರಪ್ ಕೊಟ್ಟರೆ ಉಗಿದಳು. ಡಾಕ್ಟರಮ್ಮ ಫೋನಿನಲ್ಲೇ ಚೆನ್ನಾಗಿ ಬೈದು, "ಸಂಜೆಯೊಳಗೆ ಎರಡು ಲೋಟ ಆದ್ರೂ ಒಳಗೆ ಹೋಗ್ಬೇಕು. ಇಲ್ಲಾಂದ್ರೆ ಕರ್ಕೊಂಡು ಬನ್ನಿ, ಡ್ರಿಪ್ ಹಾಕ್ಬೇಕಾಗತ್ತೆ" ಅಂದರು. ಮಗಳೋ, ಸೂಜಿ ಅಂದರೆ ಮಂಚದ ಕೆಳಗೆ ತೂರುವವಳು.

ಗಾಬರಿಯಲ್ಲಿ "ಒಂದು ಲೋಟ ಕುಡಿ, ಸೈಕಲ್ ಕೊಡಿಸ್ತೀನಿ" ಅಂದುಬಿಟ್ಟೆ. ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನು ಕೆಟ್ಟ. ಅವಳು ತಲೆ ಅಲ್ಲಾಡಿಸಿದಳು.

ಮೂಲೆಯಲ್ಲಿ ಕೂತಿದ್ದ ನಮ್ಮಪ್ಪ ಎದ್ದು ಬಂದರು. ಅವರು ದನದ ವ್ಯಾಪಾರದ ಹಳೇ ದಲ್ಲಾಳಿ. ಟವೆಲ್ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ತುಟಿ ಬಿಚ್ಚದೆ ರೇಟು ಕುದುರಿಸಿದವರು. "ಮಾತಾಡಕ್ಕಾಗದೋಳ ಹತ್ರ ಬಾಯಲ್ಲಿ ವ್ಯಾಪಾರ ಮಾಡ್ತೀಯಲ್ಲೋ!" ಅಂತ ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದರು.

ನಾನು ಅವಳ ಎರಡು ಬೆರಳು ಹಿಡಿದೆ. ಎರಡು ಲೋಟ. ಅವಳು ನನ್ನ ಒಂದೇ ಬೆರಳು ಹಿಡಿದಳು. ನಾನು ಮತ್ತೆ ಎರಡು. ಅವಳು ಸ್ವಲ್ಪ ಯೋಚಿಸಿ, ಇನ್ನೊಂದು ಕೈ ಚಾಚಿ ನನ್ನ ಮೂಗಿನ ಕೆಳಗೆ ಬೆರಳು ಎಳೆದಳು.

"ಮೀಸೆ ಕೇಳ್ತಿದಾಳೆ" ಅಂದ ಅಪ್ಪನ ಮುಖ ಸಣ್ಣಗಾಯಿತು. ನಮ್ಮಲ್ಲಿ ಮಗ ಮೀಸೆ ಬೋಳಿಸುವುದು ಅಪ್ಪ ತೀರಿಕೊಂಡಾಗ ಮಾತ್ರ.

"ಅಪ್ಪ, ನೀವಿನ್ನೂ..."

"ಗಟ್ಟಿಯಾಗಿದೀನಿ, ಗೊತ್ತು." ಗಡಿಯಾರ ನೋಡಿದರು, ನಾಲ್ಕು ಗಂಟೆ. ಮೊಮ್ಮಗಳ ಒಣಗಿದ ತುಟಿ ನೋಡಿದರು. "ತೆಗಿ ಮಾರಾಯ. ನಾನು ಹೋದಾಗ ತೆಗೆಯೋದಿತ್ತಲ್ಲ, ಅಡ್ವಾನ್ಸ್ ಅಂತ ಇಟ್ಕೊ."

ಒಂದು ಲೋಟಕ್ಕೆ ಮೀಸೆಯ ಒಂದು ಪಕ್ಕ ಅಂತ ಕುದುರಿತು. ಮೊದಲು ಸಿರಪ್, ಅದು ಲೆಕ್ಕಕ್ಕಿಲ್ಲದ ಕೊಸರು. ಅರ್ಧ ಗಂಟೆ ಬಿಟ್ಟು ಮೊದಲ ಲೋಟವನ್ನು ಗುಟುಕು ಗುಟುಕಾಗಿ, ಕಣ್ಣೀರು ಸುರಿಸಿಕೊಂಡು ಕುಡಿದಳು. ಎಡಪಕ್ಕ ಹೋಯಿತು. ನನ್ನ ಅವತಾರ ನೋಡಿ ನಗಲು ಹೋಗಿ ಗಂಟಲು ಹಿಡಿದುಕೊಂಡಳು. ಎರಡನೇ ಲೋಟಕ್ಕೆ ತಾನೇ ಕೈ ಚಾಚಿದಳು. ಆರು ಗಂಟೆಗೆ ಫೋನ್ ಮಾಡಿದರೆ ಡಾಕ್ಟರಮ್ಮ, "ಹಾಗಾದ್ರೆ ಬರೋದು ಬೇಡ" ಅಂದರು.

ಮೂರು ದಿನ ಬಿಟ್ಟು ಮೂಡಿಗೆರೆಗೆ ಹೋದೆ. ಪರಿಚಯದ ಬೆಳೆಗಾರರೊಬ್ಬರು ಓಡಿ ಬಂದು ನನ್ನ ಎರಡೂ ಕೈ ಹಿಡಿದರು. "ಯಾವಾಗ ಹೋದ್ರು ಮಾರಾಯ್ರೆ? ಒಂದು ಮಾತು ಹೇಳ್ಬಾರ್ದಿತ್ತಾ?" ಜೀಪಿನ ಹಿಂದಿನ ಸೀಟಿನಿಂದ ಅಪ್ಪ ತಲೆ ಹೊರಹಾಕಿ, "ಹೋಗಿದ್ದೆ, ರೇಟು ಸರಿಬರ್ಲಿಲ್ಲ, ವಾಪಸ್ ಬಂದೆ" ಅಂದರು.

ಆದ್ದರಿಂದ ನೀವು ಹೀಗೆ ಮಾಡಿ. ಮಗು ಅಳಲಿ ಬಿಡಲಿ, ಡಾಕ್ಟರು ಹೇಳಿದಷ್ಟು ದಿನ ನೋವಿನ ಔಷಧಿ ಹೊತ್ತು ತಪ್ಪಿಸಬೇಡಿ. ಅದು ಹತ್ತಿ ನೋವು ಇಳಿದ ಮೇಲೆ ನೀರು, ಗಂಜಿ ಕುಡಿಸಿ. ಗಂಟಲಲ್ಲಿ ಬಿಳಿ ಪೊರೆ ಕಂಡರೆ, ಬಾಯಿ ವಾಸನೆ ಬಂದರೆ ಹೆದರಬೇಡಿ. ಕೆಂಪು ರಕ್ತ ಕಂಡರೆ ಮಾತ್ರ ಯಾರ ಸಲಹೆಗೂ ಕಾಯದೆ, ನನ್ನದಕ್ಕೂ ಕಾಯದೆ, ಆಸ್ಪತ್ರೆಗೆ ಹೊರಡಿ. ಬಾಯಿಬಿಟ್ಟು ಸೈಕಲ್ ಅನ್ನಬೇಡಿ, ನಾನು ಕೊನೆಗೆ ಅದನ್ನೂ ಕೊಡಿಸಬೇಕಾಯಿತು. ಮೀಸೆ ಕೊಡಲೇಬೇಕಾಗಿ ಬಂದರೆ ಕೊಡಿ. ಆದರೆ ಅದು ಮತ್ತೆ ಬರುವವರೆಗೆ, ಪೇಟೆಗೆ ಹೋಗುವಾಗ ಅಪ್ಪನನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಳ್ಳಿ.