ಹಡಗು ಬರಂಗಿಲ್ಲ ಎಂದ ದನಿ

ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಗೆ ಬರುವ ಯಾರ ದನಿಯನ್ನೂ ನಾನು ಅಣಕಿಸದೆ ಬಿಟ್ಟವನಲ್ಲ. ಮುಂಬೈಯಲ್ಲಿ ಕೂತು ನಮ್ಮ ಕಾಯಿಯನ್ನು ಯುರೋಪಿನ ಹಡಗು ಹತ್ತಿಸುವ ಏಜೆಂಟರಂತೂ ನನಗೆ ಹಬ್ಬದೂಟ. ಮೂಗಿನಲ್ಲಿ ಮಾತು, ಮಾತಿಗೊಂದು ಕೆಮ್ಮು. ನನ್ನ ಸ್ವಂತ ದನಿ ಒಡೆದ ಪೀಪಿ; ಅದನ್ನು ಅಣಕಿಸಲು ಯಾರಿಗೂ ಮನಸ್ಸಾಗುವುದಿಲ್ಲ.

ಹೋದ ತಿಂಗಳು ಎದುರಿನ ಚಹಾದಂಗಡಿಯಲ್ಲಿ ಕೂತು, ಗೆಳೆಯನ ಫೋನಿನಿಂದ ಅಪ್ಪನಿಗೆ ಆ ಏಜೆಂಟರ ದನಿಯಲ್ಲಿ ಹೇಳಿದೆ: "ಸಾವಕಾರ್ರ, ಒಂದ್ ಬಂದರ ಚೀನಾದವ್ರು ಹಿಡದಾರ, ಇನ್ನೊಂದ್ರಾಗ ಅಮೆರಿಕಾದವ್ರು ನಿಂತಾರ. ಇಬ್ಬರೂ ದಾರಿ ನಂದ ಅಂತಾರ. ನಡುವ ನಿಮ್ಮ ಮೆಣಸಿನಕಾಯಿ ಐತ್ರಿ!" ಅಪ್ಪ ಚೀಲದ ಮೇಲೆ ಕುಸಿದು ಕೂತ. ಎದುರಿನಿಂದ ನನ್ನ ನಗು ಕೇಳಿಸಿದ ಮೇಲೆ ತಾನೂ ನಕ್ಕ, ಚಪ್ಪಲಿ ಎಸೆದ.

ವಾರದ ಹಿಂದೆ ತೂಕದ ಯಂತ್ರ ರಿಪೇರಿಗೆಂದು ಹಾವೇರಿಗೆ ಹೋಗಿದ್ದೆ. ಅಂದೇ ನಮ್ಮ ಲಾರಿ ಮುಂಬೈಗೆ ಹೊರಟಿತ್ತು. ಅಪ್ಪ ನಗುತ್ತ ಫೋನು ಮಾಡಿದ.

"ಶಾಣ್ಯಾ, ಇವತ್ತ ಕೆಮ್ಮು ಬರೋಬರಿ ಬಂತ ನೋಡು. ಹೊಸಾ ನಂಬರಿಂದ ಮಾಡಿ, ಹಡಗ ಬರಂಗಿಲ್ಲ, ಲಾರಿ ತಡೀರಿ ಅಂತಿ? ನಡಿಯಲೇ ಮಂಗ್ಯಾ ಅಂತ ಬೈದು ಇಟ್ಟೆ."

ನಾನು ಫೋನೇ ಮಾಡಿರಲಿಲ್ಲ. ಮಾಡಿದವರು ನಿಜವಾದ ಏಜೆಂಟರೇ.

"ಅಪ್ಪಾ, ಅದು ನಾ ಅಲ್ಲ."

"ಮತ್ತ ಇದ್ಯಾರ ದನಿ ತಗದಿಯೋ?"

"ನಂದ!"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಅಪ್ಪ ಎತ್ತಲಿಲ್ಲ. ಡ್ರೈವರನ ಫೋನು ಹತ್ತಲಿಲ್ಲ.

ಯುರೋಪಿನವರು ಕೊಳ್ಳುವುದು ನಮ್ಮ ಕಾಯಿಯ ಬಣ್ಣವನ್ನು. ಬಂದರಿನ ಬಿಸಿಲಲ್ಲಿ, ಹಡಗಿಗೇರಿಸುವ ತಗಡಿನ ಪೆಟ್ಟಿಗೆಯೊಳಗೆ ತಿಂಗಳು ಕೂತರೆ ಕಾಯಿ ಹೊಟ್ಟಿನ ಬಣ್ಣಕ್ಕೆ ತಿರುಗುತ್ತದೆ; ಪಕ್ಕದ ಅಂಗಡಿಯವರದ್ದು ಹಾಗಾದದ್ದನ್ನು ನೋಡಿದ್ದೆ. ನಮ್ಮ ವರ್ಷದ ಆಯ್ದ ಕಾಯಿಯೆಲ್ಲ ಆ ಒಂದೇ ಲಾರಿಯಲ್ಲಿತ್ತು.

ಮೋಟೆಬೆನ್ನೂರು ದಾಟಿ ಅದು ಹಾವೇರಿ ಬೈಪಾಸಿಗೇ ಬರಬೇಕು. ಓಡಿದೆ. ತಾಡಪತ್ರಿ ಹೊದ್ದ ಪ್ರತಿ ಲಾರಿಯೂ ನಮ್ಮದೇ ಅನ್ನಿಸಿ ಕೈಬೀಸಿದೆ. ಸಮುದ್ರದಾಚೆ ದೊಡ್ಡವರು ಒಬ್ಬರ ಮೇಲೊಬ್ಬರು ಹಲ್ಲು ಕಡಿದರೆ ಇಲ್ಲಿ ಬೈಪಾಸಿನಲ್ಲಿ ನಾನು ಯಾಕೆ ಓಡಬೇಕು?

ಕೊನೆಗೆ ನಮ್ಮದು ಬಂತು.

"ನಾಟಕ ಸಾಕೋ, ದಾರಿ ಬಿಡು," ಅಂದ ಡ್ರೈವರ್.

"ಮಾಮಾ, ನಿಮ್ಮ ಕಾಲ ಬೀಳತೇನಿ," ಅನ್ನುವಷ್ಟರಲ್ಲಿ ಅತ್ತೇಬಿಟ್ಟೆ. ಅವನು ಇಂಜಿನ್ ಆರಿಸಿದ. ಏಜೆಂಟರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಅದೇ ಕೆಮ್ಮು.

"ಹಡಗ ಯಾವಾಗ ಬರತೈತ್ರಿ?"

"ನಂಗೂ ತಿಳೀವಲ್ದು. ಯುರೋಪಿಗೆ ಹೋಗೋ ದಾರ್ಯಾಗ, ಕೆಂಪು ಸಮುದ್ರದಾಗ ಗುಂಡು ಹಾರಾಕತ್ತಾವ. ದೊಡ್ಡವ್ರು ರಾಜಿ ಆಗಬೇಕಲ್ಲ."

ಲಾರಿ ತಿರುಗಿತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಅಪ್ಪ ನಿಂತಿದ್ದ. ಡ್ರೈವರ್ ದಾರಿಯಲ್ಲೇ ಅವನಿಗೆ ಫೋನು ಮಾಡಿ ಹೇಳಿದ್ದ. ಅಪ್ಪ ಬೈಯಲಿಲ್ಲ. ಒಂದು ಚೀಲ ಬಿಚ್ಚಿ, ಕಾಯಿಯೊಂದನ್ನು ಹಿಡಿದು ಬೆಳಕಿಗೆ ತಿರುಗಿಸಿದ.

"ಬಣ್ಣ ಐತಿ."

"ಎಷ್ಟ ದಿನ ಇರತೈತಪ್ಪಾ?"

"ಹಡಗ ಬರೂತನಕ ಇರಬೇಕು," ಅಂದ ಅಪ್ಪ ಚೀಲ ಹೊಲಿಯುವ ದಾರ ಕೇಳಿದ.