ಪ್ಯಾನೆಲ್ ಮುಂದಿನ ಮೂರು ಅಡಿ

ಮೂಟೆ ಜೋಡಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡರೆ ಜಂಬ ಅನ್ನಿಸಬಹುದು, ಅನ್ನಿಸಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಯಶವಂತಪುರದ ಮಂಡಿಯಲ್ಲಿ ಬೆನ್ನು ಬಗ್ಗಿಸಿ ಕಲಿತ ವಿದ್ಯೆ ಅದು. ಎರಡು ಮೂಟೆಗಳ ನಡುವೆ ಬೆರಳು ತೂರಿದರೆ ಅದು ಕೆಲಸವೇ ಅಲ್ಲ ಎನ್ನುತ್ತಿದ್ದರು ನಮ್ಮ ಮೇಸ್ತ್ರಿ. ಅಮೆರಿಕಕ್ಕೆ ಬಂದು ನಾರ್‌ಕ್ರಾಸ್ ಊರಿನಲ್ಲಿ ನಮ್ಮದೇ ದಿನಸಿ ಅಂಗಡಿ ಇಟ್ಟ ಮೇಲೂ ಹಿಂದಿನ ಉಗ್ರಾಣದಲ್ಲಿ ಸೋನಾಮಸೂರಿ ಮೂಟೆಗಳನ್ನು ನಾನೇ ಜೋಡಿಸುತ್ತಿದ್ದೆ, ಗೋಡೆ ಕಟ್ಟಿದ ಹಾಗೆ.

ಕೊರೊನಾ ಕಾಟ ಕಡಿಮೆಯಾದ ಮೇಲೆ ನನ್ನ ಹೆಂಡತಿ ಅಂಗಡಿಯ ಮುಂಭಾಗದಲ್ಲಿ ಇಡ್ಲಿ-ದೋಸೆಯ ಕೌಂಟರ್ ತೆರೆಯಬೇಕೆಂದು ಹಟ ಹಿಡಿದಳು. ಅವಳ ಬಹುದಿನದ ಆಸೆ. ಗ್ರೈಂಡರ್ ಬಂತು, ಕಾವಲಿ ಬಂತು, ಯುಗಾದಿಗೆ ಶುರು ಎಂದು ಗಿರಾಕಿಗಳಿಗೆಲ್ಲ ಹೇಳಿಯೂ ಆಯಿತು. ಉಳಿದದ್ದು ಫೈರ್ ಇನ್‌ಸ್ಪೆಕ್ಟರ್ ಸಹಿ ಒಂದೇ.

ಎತ್ತರದ, ಮೆದು ಮಾತಿನ ಮನುಷ್ಯ ಆತ. ಅಡುಗೆಯ ಜಾಗ ನೋಡಿ ತಲೆಯಾಡಿಸಿದ. ಉಗ್ರಾಣಕ್ಕೆ ಬಂದು ಕರೆಂಟಿನ ಪ್ಯಾನೆಲ್ ಎಲ್ಲಿ ಎಂದು ಕೇಳಿದ. ನಾನು ನನ್ನ ಅಕ್ಕಿಗೋಡೆಯನ್ನು ತೋರಿಸಿ, ಅದರ ಹಿಂದೆ ಎಂದೆ. ಅಷ್ಟು ಚೆಂದದ ಜೋಡಣೆಗೆ ಒಂದು ಮೆಚ್ಚುಗೆಯಾದರೂ ಬರುತ್ತದೆಂದುಕೊಂಡಿದ್ದೆ. ಆತ ನಗಲೂ ಇಲ್ಲ. ಪ್ಯಾನೆಲ್ ಮುಂದೆ ಮೂರು ಅಡಿ, ಅಗಲಕ್ಕೆ ಎರಡೂವರೆ ಅಡಿ ಖಾಲಿ ಇರಬೇಕು, ಬಾಗಿಲು ಪೂರ್ತಿ ತೆರೆಯಬೇಕು, ಒಳಗೆ ಏನಾದರೂ ಸಿಡಿದರೆ ರಿಪೇರಿಗೆ ನಿಂತವನು ಹಿಂದೆ ಸರಿಯುವುದೆಲ್ಲಿಗೆ ಎಂದ. ಒಂದೇ ಒಂದು ಮೂಟೆ ಕೆಳಗಿರಲಿ, ಬೇಕಾದರೆ ಅದರ ಮೇಲೆ ಹತ್ತಿ ನಿಲ್ಲಬಹುದು ಎಂದು ಚೌಕಾಸಿ ಮಾಡಿ ನೋಡಿದೆ. ನಡೆಯಲಿಲ್ಲ. ನೆಲದಿಂದ ತಲೆಯ ಮೇಲಿನವರೆಗೂ ಏನೂ ಕೂಡದಂತೆ. ಮುಂದಿನ ವಾರ ಬಂದಾಗಲೂ ಹೀಗೇ ಇದ್ದರೆ ಕೌಂಟರಿಗೆ ಸಹಿ ಇಲ್ಲ ಎಂದು ಹೊರಟ.

ಅಂದೇ ಮೂಟೆ ಸರಿಸಿ, ನೆಲಕ್ಕೆ ಹಳದಿ ಟೇಪ್ ಅಂಟಿಸಿ ಚೌಕ ಮಾಡಿದೆ. ಮಾರನೆಯ ದಿನ ಟ್ರಕ್ಕಿನವನು ಬೇಳೆಯ ಡಬ್ಬಗಳನ್ನು ತಂದು ಸರಿಯಾಗಿ ಚೌಕದೊಳಗೇ ಇಟ್ಟ. ಚೌಕ ಹಾಕಿದ್ದು ತಾನು ಸಾಮಾನು ಇಳಿಸಲೆಂದೇ ಎಂದುಕೊಂಡನಂತೆ. ತೆಗೆಸಿದೆ. ಸಂಜೆಗೆ ನೋಡಿದರೆ ಅಲ್ಲೊಂದು ತೆಂಗಿನಕಾಯಿ ಚೀಲ. ಯಾರಿಟ್ಟದ್ದು ಎಂದು ನಾನು ರೇಗಿದೆ.

"ನೀವೇ ಕಣ್ರೀ ಇಟ್ಟಿದ್ದು. ಖಾಲಿ ಜಾಗ ಕಂಡ್ರೆ ನಿಮ್ಮ ಕೈ ಸುಮ್ನಿರುತ್ತಾ?" ಎಂದಳು ಹೆಂಡತಿ.

"ಐದು ನಿಮಿಷಕ್ಕೆ ಅಂತ ಇಟ್ಟೆ ಕಣೇ."

"ಆ ಐದು ನಿಮಿಷದಲ್ಲೇ ಅವರು ಬಂದ್ರೆ ನನ್ನ ದೋಸೆ ಗತಿ ಏನು?"

ಮರುದಿನ ಬೆಳಿಗ್ಗೆ ನಾನು ಹೆಗಲ ಮೇಲೆ ತೊಗರಿಬೇಳೆ ಹೊತ್ತು ಉಗ್ರಾಣಕ್ಕೆ ಬಂದವನು ಗಕ್ಕನೆ ನಿಂತೆ. ಪ್ಯಾನೆಲ್ ಮುಂದೆ, ಟೇಪಿನಿಂದ ಟೇಪಿನವರೆಗೆ, ಚಾಕ್‌ಪೀಸಿನಲ್ಲಿ ಬರೆದ ದೊಡ್ಡ ಚುಕ್ಕಿ ರಂಗೋಲಿ. ಬರೆದವಳು ಏನೂ ಗೊತ್ತಿಲ್ಲದವಳ ಹಾಗೆ ಅಂಗಡಿಯ ಮುಂಭಾಗದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ರಂಗೋಲಿಯ ಮೇಲೆ ಮೂಟೆ ಇಳಿಸುವಷ್ಟು ಧೈರ್ಯ ನನಗಿಲ್ಲ. ಸುತ್ತು ಹಾಕಿ ಆಚೆ ಗೋಡೆಗೆ ಇಳಿಸಿದೆ. ಟ್ರಕ್ಕಿನವನಿಗೆ ರಂಗೋಲಿಯ ಗಂಧಗಾಳಿ ಇಲ್ಲ, ಆದರೂ ಅವನ ಕಾಲೂ ಅಂಚಿನಲ್ಲೇ ನಿಂತಿತು. ಆ ವಾರವಿಡೀ ಅಲ್ಲಿ ಒಂದು ಕಡ್ಡಿಯೂ ಬೀಳಲಿಲ್ಲ.

ಇನ್‌ಸ್ಪೆಕ್ಟರ್ ಬಂದ. ಅಳತೆ ಟೇಪ್ ಹಿಡಿದು ರಂಗೋಲಿಯ ಅಂಚಿಗೆ ಬಂದು ಆತನೂ ನಿಂತುಬಿಟ್ಟ. ಅಲ್ಲಿಂದಲೇ ಬಗ್ಗಿ ಪ್ಯಾನೆಲ್ ಬಾಗಿಲಿಗೆ ಕೈ ಚಾಚಿದ; ಎಟುಕಲಿಲ್ಲ. ಅಕ್ಕಿ ತೆಗೆದು ಚಿತ್ರ ಇಟ್ಟು ಮತ್ತೆ ದಾರಿ ಮುಚ್ಚಿದ ಹಾಗಾಯಿತಲ್ಲ, ಇನ್ನು ಯುಗಾದಿ ಹೋಯಿತು ಎಂದುಕೊಂಡೆ. ಆತ ಸಂಕೋಚದಿಂದ, ಇದರ ಮೇಲೆ ಕಾಲಿಡಬಹುದೇ ಎಂದು ಕೇಳಿದ.

ನಮ್ಮ ಹಿಂದೆಯೇ ಬಂದಿದ್ದ ಹೆಂಡತಿ ನನ್ನತ್ತ ತಿರುಗಿದಳು. "ತುಳೀಲಿ ಹೇಳ್ರೀ. ಅವರು ನಿಂತ್ಕೊಳ್ಳಲಿ ಅಂತಾನೇ ಅಲ್ವಾ ಜಾಗ ಬಿಟ್ಟಿರೋದು."

ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಆತ ಕೆಸರು ದಾಟುವವನ ಹಾಗೆ ತುದಿಗಾಲಲ್ಲಿ ಒಳಗೆ ಹೋಗಿ, ಬಾಗಿಲು ಪೂರ್ತಿ ತೆರೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಅಳೆದ. ಈ ಜಾಗಕ್ಕೆ ಇಷ್ಟು ಮರ್ಯಾದೆ ಕೊಟ್ಟವರನ್ನು ತಾನು ಕಂಡಿಲ್ಲ ಎನ್ನುತ್ತ ಸಹಿ ಹಾಕಿದ.

ಆತ ಹೋದ ಮೇಲೆ ರಂಗೋಲಿಯ ನಡುವೆ ದೊಡ್ಡ ಬೂಟಿನ ಗುರುತು ಉಳಿದಿತ್ತು. ಒರೆಸಲು ಹೋದರೆ ಅವಳು ಬಿಡಲಿಲ್ಲ. ಯುಗಾದಿಗೆ ಹೊಸದು ಬರೆಯುವವರೆಗೂ ಅದು ಹಾಗೇ ಇತ್ತು. ಹಬ್ಬದ ಬೆಳಿಗ್ಗೆ ಕಾವಲಿಯ ಮೇಲೆ ಮೊದಲ ದೋಸೆ ಚುಂಯ್ ಎಂದಾಗ ನಾನು ಹಿಂದೆ ಅಕ್ಕಿ ಜೋಡಿಸುತ್ತಿದ್ದೆ. ಉಳಿದ ಮೂರು ಗೋಡೆಗಳಿಗೆ. ಬೆರಳು ತೂರದ ಹಾಗೆ.